ಫೋಟೊ ನೋಡಿ ಜಾಗ ಹೇಳುವ ಆಟ: ಯಾವುದು ಯಾರಿಗೆ ಸರಿ?

ಕಳೆದ ಮಳೆಗಾಲದ ಒಂದು ಸಂಜೆ. ಶಿರಸಿಯ ನಮ್ಮ ಮನೆಯಲ್ಲಿ ಐದೂವರೆಗೇ ದೀಪ ಹಾಕಿದ್ದೆವು. ಕಾರವಾರದಿಂದ ಅಕ್ಕನ ಮಕ್ಕಳಿಬ್ಬರು ಬಂದಿದ್ದರು. ಹೊರಗೆ ಕಾಲಿಡುವ ಹಾಗಿಲ್ಲ, ಟಿವಿ ನೋಡಿ ಸಾಕಾಗಿತ್ತು. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಫೋಟೊ ತೋರಿಸಿ "ಇದು ಎಲ್ಲಿ ಹೇಳಿ" ಎಂದು ಆಟ ಶುರು ಮಾಡಿದೆ.

ಮೊದಲನೆಯದು ಒಂದು ಹೊಳೆ. ನಡುವೆ ಬಂಡೆಗಳು, ಬಂಡೆಗಳ ಮೇಲೆಲ್ಲ ಕೆತ್ತಿದ ಶಿವಲಿಂಗಗಳು. ಅಕ್ಕನ ಮಗಳು ಸುಮಾರು ಹೊತ್ತು ನೋಡಿ "ಕಾಂಬೋಡಿಯಾ" ಎಂದಳು. ಅದು ನಮ್ಮ ಶಾಲ್ಮಲಾ ಹೊಳೆಯ ಸಹಸ್ರಲಿಂಗ. ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದರೆ ಅರ್ಧ ಗಂಟೆ ಸಾಕು. ಎರಡನೆಯದು ಬನವಾಸಿಯ ಮಧುಕೇಶ್ವರ ದೇವಸ್ಥಾನ. ಅವಳ ತಮ್ಮ ಕಣ್ಣು ಹಾಯಿಸಿದ ಕೂಡಲೇ "ತಂಜಾವೂರು" ಎಂದ. ಯಾಕೆ ಎಂದು ಕೇಳಿದೆ. "ದೊಡ್ಡ ಕಲ್ಲಿನ ದೇವಸ್ಥಾನ ಅಂದ್ರೆ ತಮಿಳುನಾಡೇ ಅಲ್ವಾ?" ಎಂದ.

ಇಬ್ಬರ ಉತ್ತರವೂ ತಪ್ಪು. ಆದರೆ ಹುಡುಗಿಯ ಉತ್ತರ ಕೇಳಿ ನನಗೆ ಖುಷಿಯಾಯಿತು. ಕಾಂಬೋಡಿಯಾದ ಕ್ಬಾಲ್ ಸ್ಪಿಯನ್ ಎಂಬಲ್ಲಿ ನಿಜವಾಗಿಯೂ ಹೊಳೆಯ ಹಾಸುಬಂಡೆಯ ಮೇಲೆ ಲಿಂಗಗಳ ಸಾಲೇ ಇದೆ. ಅದನ್ನು ಅವಳು ಯಾವುದೋ ವಿಡಿಯೊದಲ್ಲಿ ನೋಡಿದ್ದಳು. ಹೊಳೆ, ಬಂಡೆ, ಲಿಂಗ, ಮೇಲೆ ಹರಿಯುವ ನೀರು, ಇಷ್ಟನ್ನೂ ಸೇರಿಸಿಕೊಂಡು ಯೋಚಿಸಿ ಹೇಳಿದ ಉತ್ತರ ಅದು.

ಇದೇ ಎರಡು ಉತ್ತರಗಳನ್ನು ಜಿಯೋಗೆಸರ್ ಎಂಬ ಆನ್‌ಲೈನ್ ಆಟದ ವಿಶ್ವನಕ್ಷೆಯ ಲೆಕ್ಕಕ್ಕೆ ಹಾಕಿ ನೋಡಿದೆ. ಹುಡುಗಿಗೆ 5000ಕ್ಕೆ ಸುಮಾರು 600 ಅಂಕ. ಹುಡುಗನಿಗೆ ಸುಮಾರು 3300. ಆ ಆಟ ಅಳೆಯುವುದು ನೀವು ಗುರುತು ಹಾಕಿದ ಜಾಗಕ್ಕೂ ನಿಜವಾದ ಜಾಗಕ್ಕೂ ಇರುವ ದೂರವನ್ನು. ಶಾಲ್ಮಲೆಯಿಂದ ಕಾಂಬೋಡಿಯಾ 3000 ಕಿ.ಮೀ.ಗೂ ಜಾಸ್ತಿ. ಬನವಾಸಿಯಿಂದ ತಂಜಾವೂರು 600 ಕಿ.ಮೀ. ಆಸುಪಾಸು. ಸರಿಯಾಗಿ ನೋಡಿದವಳು ಸೋತಳು, ನೋಡದವನು ಗೆದ್ದ.

ಅವತ್ತಿನಿಂದ ಈ ಥರದ ಆಟಗಳನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. ಮಕ್ಕಳಿಗೆ ಯಾವುದನ್ನು ಕೊಡಲಿ ಎಂದು ಕೇಳುವ ಅಪ್ಪ ಅಮ್ಮಂದಿರಿಗೆ, ತರಗತಿಯಲ್ಲಿ ಆಡಿಸಬೇಕು ಎನ್ನುವ ಮೇಷ್ಟ್ರುಗಳಿಗೆ ನಾನು ಮೊದಲು ಹೇಳುವ ಮಾತು ಒಂದೇ: ಆಟ ಯಾವುದಕ್ಕೆ ಅಂಕ ಕೊಡುತ್ತದೆ ಎಂದು ನೋಡಿ. ದುಡ್ಡು, ಡೇಟಾ, ಅಂದಚಂದ ಎಲ್ಲ ಆಮೇಲೆ.

ಜಿಯೋಗೆಸರ್ ಮತ್ತು ಅದರ ಬಳಗ

ಇದನ್ನು ಸ್ವೀಡನ್ನಿನ ಆಂಟನ್ ವಾಲೆನ್ 2013ರಲ್ಲಿ ಶುರು ಮಾಡಿದರು. ಗೂಗಲ್ ಸ್ಟ್ರೀಟ್ ವ್ಯೂ, ಅಂದರೆ ಸುತ್ತಲೂ ತಿರುಗಿ ನೋಡಬಹುದಾದ ಬೀದಿ ಚಿತ್ರಗಳ, ಒಂದು ಜಾಗಕ್ಕೆ ನಿಮ್ಮನ್ನು ತಂದು ನಿಲ್ಲಿಸುತ್ತದೆ. ಸುತ್ತ ನೋಡಿ, ಮುಂದೆ ನಡೆದು, ನೀವು ಎಲ್ಲಿದ್ದೀರಿ ಎಂದು ನಕ್ಷೆಯ ಮೇಲೆ ಗುರುತು ಹಾಕಬೇಕು. ಐದು ಸುತ್ತು, ಒಟ್ಟು 25,000 ಅಂಕ. 2023ರಲ್ಲಿ ಸ್ಟಾಕ್‌ಹೋಮಿನಲ್ಲಿ ಇದರ ವಿಶ್ವಕಪ್ಪೇ ನಡೆಯಿತು ಎಂದರೆ ಎಷ್ಟು ಬೆಳೆದಿದೆ ಎಂದು ಗೊತ್ತಾಗುತ್ತದೆ.

ಸ್ಮಾರಕ ಗುರುತಿಸಬೇಕು ಎನ್ನುವವರಿಗೆ ಇದರಲ್ಲಿ 'ಫೇಮಸ್ ಪ್ಲೇಸಸ್' ಎಂಬ ನಕ್ಷೆ ಇದೆ. ಹೆಸರೇ ಹೇಳುವ ಹಾಗೆ ಜಗತ್ತಿನ ಹೆಸರಾಂತ ಜಾಗಗಳು. ಒಳ್ಳೆಯ ಆರಂಭ. ಆದರೆ ಜಿಯೋಗೆಸರ್‌ನ ನಿಜವಾದ ಸೊಗಸು ಸ್ಮಾರಕದಲ್ಲಿ ಇಲ್ಲ. ರಸ್ತೆಯ ಗೆರೆ ಯಾವ ಬಣ್ಣ, ಗಾಡಿಗಳು ಯಾವ ಬದಿಗೆ ಹೋಗುತ್ತಿವೆ, ಕರೆಂಟ್ ಕಂಬ ಹೇಗಿದೆ, ಬೋರ್ಡಿನಲ್ಲಿ ಯಾವ ಲಿಪಿ, ಇಂಥವನ್ನು ಹುಡುಕುವುದರಲ್ಲಿ ಇದೆ. ಕಾರವಾರದ ಮಕ್ಕಳಿಗೆ ಕನ್ನಡವೂ ಗೊತ್ತು, ದೇವನಾಗರಿಯೂ ಗೊತ್ತು. ಹಾಗಾಗಿ ಭಾರತದ ಸುತ್ತು ಬಂದರೆ ಅವರು ಬೇಗ ಹಿಡಿಯುತ್ತಾರೆ. ಕನ್ನಡ ಮತ್ತು ತೆಲುಗು ಬೋರ್ಡುಗಳನ್ನು ತಲೆಕಟ್ಟು ನೋಡಿ ಬೇರೆ ಮಾಡುವುದನ್ನು ಅಕ್ಕನ ಮಗ ಎರಡು ದಿನದಲ್ಲಿ ಕಲಿತ. ಇದೇನೂ ಸಣ್ಣ ಕಲಿಕೆ ಅಲ್ಲ.

ಭಾರತದ ವಿಷಯದಲ್ಲಿ ಒಂದು ಮಾತು. ನಮ್ಮಲ್ಲಿ ಸ್ಟ್ರೀಟ್ ವ್ಯೂ ತಡವಾಗಿ ಬಂತು. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ನಿಂತುಹೋಯಿತು. ಆಮೇಲೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಜೊತೆ ಸೇರಿ ತಾಜ್ ಮಹಲ್, ಹುಮಾಯೂನ್ ಸಮಾಧಿಯಂಥ ಸ್ಮಾರಕಗಳ ಒಳಗಿನ ಚಿತ್ರಗಳನ್ನು ತೆಗೆದರು. ಬೀದಿಗಳ ಚಿತ್ರ ಅಧಿಕೃತವಾಗಿ ಬಂದದ್ದು 2022ರ ಜುಲೈನಲ್ಲಿ, ಮೊದಲಿಗೆ ಹತ್ತು ನಗರಗಳಿಗೆ. ಆದ್ದರಿಂದ ವಿಶ್ವನಕ್ಷೆಯಲ್ಲಿ ಆಡುತ್ತ ನಮ್ಮ ಜಿಲ್ಲೆಯ ಮಿರ್ಜಾನ್ ಕೋಟೆ ಬರುತ್ತದೆ ಎಂದು ಕಾಯುತ್ತ ಕೂರಬೇಡಿ.

ದುಡ್ಡಿನ ವಿಷಯ. ಜಿಯೋಗೆಸರ್‌ನಲ್ಲಿ ಉಚಿತವಾಗಿ ಸಿಗುವುದು ಕಡಿಮೆ. ದಿನಾ ಮನಸ್ಸಿಗೆ ಬಂದಷ್ಟು ಆಡಲು ಚಂದಾ ಕಟ್ಟಬೇಕು. ಗೂಗಲ್ ತನ್ನ ನಕ್ಷೆ ಬಳಸುವವರಿಗೆ 2018ರಲ್ಲಿ ದರ ಏರಿಸಿದ ಮೇಲೆ ಆಟವೂ ಆ ದಾರಿ ಹಿಡಿಯಿತು. ಚಂದಾ ಬೇಡ ಎನ್ನುವವರಿಗೆ ಓಪನ್‌ಗೆಸರ್ ಮತ್ತು ವರ್ಲ್ಡ್‌ಗೆಸರ್ ಇವೆ. ಜರ್ಮನಿಯ ಜಿಯೋಟಾಸ್ಟಿಕ್ ಆಡುವವರ ದೇಣಿಗೆಯಿಂದ ನಡೆಯುತ್ತದೆ. ಆಟದ ರೀತಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಚಂದಾ ಕಟ್ಟುವ ಮೊದಲು ಒಂದು ತಿಂಗಳು ಇವುಗಳಲ್ಲೇ ಆಡಿ ನೋಡಿ ಎಂದು ನಾನು ಹೇಳುತ್ತೇನೆ. ಮಕ್ಕಳು ಎರಡನೇ ವಾರದಲ್ಲೂ ತಾವಾಗಿಯೇ ಕೇಳಿದರೆ ಆಗ ಯೋಚಿಸಿ. ಎಲ್ಲಿ ಆಡಿದರೂ ಅಪರಿಚಿತರ ಜೊತೆ ಪಂದ್ಯ ಬೇಡ, ಮನೆಯವರೇ ಸೇರುವ ಖಾಸಗಿ ಕೋಣೆ ಮಾಡಿಕೊಳ್ಳಿ.

ಡೇಟಾ ಮತ್ತು ನೆಟ್‌ವರ್ಕು ಘಟ್ಟದ ಮೇಲಿನವರಿಗೆ ದೊಡ್ಡ ವಿಷಯ. ಸ್ಟ್ರೀಟ್ ವ್ಯೂನಲ್ಲಿ ಒಂದೊಂದು ಹೆಜ್ಜೆ ಮುಂದೆ ಹೋದಾಗಲೂ ಹೊಸ ಚಿತ್ರ ಇಳಿಯಬೇಕು. ಮಳೆಗಾಲದಲ್ಲಿ ಸಿಗ್ನಲ್ ಒಂದೇ ಕಡ್ಡಿ ಇರುವಾಗ ಚಿತ್ರ ಮಸುಕಾಗಿಯೇ ಉಳಿಯುತ್ತದೆ, ಗಡಿಯಾರ ಮಾತ್ರ ಓಡುತ್ತದೆ. ಸಣ್ಣವರು ಅಳುವುದು ಅಲ್ಲೇ. ನೀವು ಹಳ್ಳಿಯ ಕಡೆ ಇದ್ದರೆ ಸಮಯದ ಮಿತಿ ತೆಗೆದುಹಾಕಿ, ಚಲಿಸದೆ ನಿಂತಲ್ಲೇ ನೋಡುವ ಬಗೆಯನ್ನು ಆರಿಸಿ. ಡೇಟಾ ಉಳಿಯುತ್ತದೆ, ನೋಟವೂ ಚುರುಕಾಗುತ್ತದೆ.

ಅಂಕದ ತೊಂದರೆಗೆ ಒಂದು ಪರಿಹಾರವೂ ಇದರಲ್ಲೇ ಇದೆ. ನಕ್ಷೆ ಚಿಕ್ಕದಾದಷ್ಟೂ ಲೆಕ್ಕ ಬಿಗಿಯಾಗುತ್ತದೆ. ವಿಶ್ವನಕ್ಷೆಯಲ್ಲಿ ಸಾವಿರ ಕಿ.ಮೀ. ತಪ್ಪಿದರೂ ಅರ್ಧದಷ್ಟು ಅಂಕ ಕೈಗೆ ಬರುತ್ತದೆ. ಒಂದೇ ರಾಜ್ಯದ ನಕ್ಷೆಯಲ್ಲಿ ನೂರು ಕಿ.ಮೀ. ತಪ್ಪಿದರೂ ಪೆಟ್ಟು ಬೀಳುತ್ತದೆ. ದೊಡ್ಡ ಮಕ್ಕಳಿಗೆ ಸಣ್ಣ ನಕ್ಷೆಯೇ ಒಳ್ಳೆಯದು.

ನಾಲ್ಕು ಆಯ್ಕೆಯ ಫೋಟೊ ಕ್ವಿಜ್

ಮೊಬೈಲಿನಲ್ಲಿ 'ಸ್ಮಾರಕ ಗುರುತಿಸಿ' ಎಂದು ಹುಡುಕಿದರೆ ಇಂಥವು ಹತ್ತಾರು ಸಿಗುತ್ತವೆ. ಒಂದು ಫೋಟೊ, ಕೆಳಗೆ ನಾಲ್ಕು ಹೆಸರು. ಡೇಟಾ ಕಡಿಮೆ ಸಾಕು, ಸಣ್ಣವರಿಗೂ ಬೇಗ ತಿಳಿಯುತ್ತದೆ. ಒಳ್ಳೆಯದು ಅಷ್ಟೇ. ಐಫೆಲ್ ಗೋಪುರದ ಫೋಟೊ ಹಾಕಿ ಕೆಳಗೆ ಐಫೆಲ್ ಎಂದು ಬರೆದಿದ್ದರೆ ಮಗು ನೋಡುವ ಕೆಲಸ ಎಲ್ಲಿ ಮಾಡಿತು? ಹೆಸರು ನೆನಪಿದ್ದರೆ ಮುಗಿಯಿತು.

ನಾನು ಇಳಿಸಿಕೊಂಡ ಒಂದು ಆಪ್‌ನಲ್ಲಿ ಹಂಪಿಯ ಕಲ್ಲಿನ ರಥದ ಫೋಟೊಗೆ ಸರಿಯುತ್ತರ ಕೋನಾರ್ಕ್ ಎಂದಿತ್ತು. ಅಕ್ಕನ ಮಗ ಹಂಪಿ ಒತ್ತಿದ, ಕೆಂಪು ಗೆರೆ ಬಂತು. ಅವನು ಎದ್ದು ಹೋಗಿ ನನ್ನ ಪರ್ಸಿನಿಂದ ಐವತ್ತರ ನೋಟು ತಂದು ಪರದೆಯ ಪಕ್ಕದಲ್ಲಿ ಹಿಡಿದ. ಎರಡೂ ಒಂದೇ ರಥ. ಹುಡುಗನಿಗೆ ಸಿಟ್ಟು ಬಂದಿತ್ತು, ನನಗೂ ಬಂತು. ಮಕ್ಕಳು ಪರದೆಯ ಮೇಲೆ ಇದ್ದದ್ದನ್ನು ನಂಬುತ್ತಾರೆ. ಅಂಥ ಕಡೆ ತಪ್ಪು ಹೆಸರು ಕಲಿಸುವುದು ನನಗೆ ಸಹಿಸಲಾಗದ ವಿಷಯ. ಇಂಥ ಆಪ್ ಕೊಡುವ ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ಹತ್ತು ಪ್ರಶ್ನೆ ನೀವೇ ಆಡಿ. ಒಂದು ತಪ್ಪು ಸಿಕ್ಕರೂ ತೆಗೆದುಹಾಕಿ.

ಆ ನೋಟಿನಿಂದ ನಮಗೆ ಬೇರೊಂದು ಆಟವೇ ಸಿಕ್ಕಿತು. ಈಗಿನ ಹತ್ತರ ನೋಟಿನ ಹಿಂಬದಿ ಕೋನಾರ್ಕಿನ ಸೂರ್ಯ ದೇವಾಲಯ. ಇಪ್ಪತ್ತರಲ್ಲಿ ಎಲ್ಲೋರ. ಐವತ್ತರಲ್ಲಿ ಹಂಪಿ. ನೂರರಲ್ಲಿ ಗುಜರಾತಿನ ರಾಣಿ ಕಿ ವಾವ್. ಇನ್ನೂರರಲ್ಲಿ ಸಾಂಚಿ ಸ್ತೂಪ. ಐನೂರರಲ್ಲಿ ಕೆಂಪು ಕೋಟೆ. ಹೆಸರಿನ ಮೇಲೆ ಬೆರಳು ಮುಚ್ಚಿ ಕೇಳಿ. ಆರು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ನೆಟ್ ಬೇಡ, ಕರೆಂಟೂ ಬೇಡ.

ವರ್ಲ್ಡಲ್, ಗ್ಲೋಬಲ್ ಮಾದರಿಯವು

ಪದ ಊಹಿಸುವ ವರ್ಡಲ್ ಹೆಸರಾದ ಮೇಲೆ ಅದೇ ಬಗೆಯ ಭೂಗೋಳದ ಆಟಗಳೂ ಬಂದವು. ವರ್ಲ್ಡಲ್‌ನಲ್ಲಿ ದೇಶದ ಆಕಾರ ಕೊಟ್ಟು ಆರು ಅವಕಾಶ ಕೊಡುತ್ತಾರೆ, ತಪ್ಪಿದಾಗ ದೂರ ಮತ್ತು ದಿಕ್ಕು ತೋರಿಸುತ್ತಾರೆ. ಗ್ಲೋಬಲ್‌ನಲ್ಲಿ ದೇಶಗಳ ಹೆಸರು ಊಹಿಸುತ್ತ ಹತ್ತಿರ ಹೋದಷ್ಟೂ ಬಣ್ಣ ಗಾಢವಾಗುತ್ತದೆ. ದಿನಕ್ಕೊಂದೇ ಒಗಟು, ಐದು ನಿಮಿಷ. ಬೆಳಿಗ್ಗೆ ಚಾ ಕುಡಿಯುವಾಗ ಆಡಲು ಚೆನ್ನ. ಸ್ಮಾರಕಕ್ಕೂ ಇವಕ್ಕೂ ಸಂಬಂಧ ಕಡಿಮೆ, ಆದರೆ ಆಟ ಬಿಡಲು ಬಾರದ ಮಕ್ಕಳಿಗೆ ದಿನಕ್ಕೊಂದೇ ಎಂಬ ಮಿತಿ ದೊಡ್ಡ ಉಪಕಾರ.

ಟೈಮ್‌ಗೆಸರ್: ಎಲ್ಲಿ, ಮತ್ತು ಯಾವಾಗ

ಹೈಸ್ಕೂಲು ದಾಟಿದವರಿಗೆ, ದೊಡ್ಡವರಿಗೆ ನಾನು ಮೊದಲು ಹೇಳುವುದು ಇದನ್ನು. ಐದು ಹಳೆಯ ಫೋಟೊ ತೋರಿಸುತ್ತದೆ. ಜಾಗವನ್ನೂ ಹೇಳಬೇಕು, ಇಸವಿಯನ್ನೂ ಹೇಳಬೇಕು. ಎರಡಕ್ಕೂ ಸಮ ಅಂಕ, ಒಟ್ಟು 50,000. ಉಚಿತವಾಗಿ ಆಡಬಹುದು. ಸ್ಟ್ರೀಟ್ ವ್ಯೂ ಇಲ್ಲದೆ ಬರೀ ಫೋಟೊ ಇರುವುದರಿಂದ ಡೇಟಾ ಕಡಿಮೆ.

ಇಸವಿ ಕೇಳಿದ ಕೂಡಲೇ ನೋಡುವ ರೀತಿ ಬದಲಾಗುತ್ತದೆ. ಕಟ್ಟಡದ ಜೊತೆ ಅದರ ಸುತ್ತ ಏನಿದೆ, ಏನಿಲ್ಲ ಎಂದು ನೋಡಬೇಕು. ನಮ್ಮ ಜಿಲ್ಲೆಯ ಫೋಟೊಗಳಲ್ಲೇ ಇದನ್ನು ಆಡಿ ನೋಡಿ. ಮುರುಡೇಶ್ವರದಲ್ಲಿ ಇಪ್ಪತ್ತು ಅಂತಸ್ತಿನ ರಾಜಗೋಪುರ ಇಲ್ಲದಿದ್ದರೆ ಅದು 2008ಕ್ಕಿಂತ ಹಿಂದಿನ ಫೋಟೊ. ಕಾಳಿ ನದಿಯ ಮೇಲೆ ಹಳೆಯ ಸೇತುವೆ, ಹೊಸ ಸೇತುವೆ ಎರಡೂ ಪಕ್ಕಪಕ್ಕ ಕಂಡರೆ 2024ರ ಆಗಸ್ಟಿಗಿಂತ ಹಿಂದಿನದು. ಆ ತಿಂಗಳ 7ರಂದು ನಡುರಾತ್ರಿ ಕಳೆದ ಮೇಲೆ ಹಳೆಯ ಸೇತುವೆ ಕುಸಿದು ಬಿತ್ತು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಐಎನ್‌ಎಸ್ ಚಾಪಲ್ ಹಡಗು ನಿಂತಿದ್ದರೆ ಒಂದು ಕಾಲ, ಅದರ ಪಕ್ಕ ಟುಪೊಲೆವ್ ವಿಮಾನವೂ ಇದ್ದರೆ ಇನ್ನೂ ಈಚಿನ ಕಾಲ. ಅಕ್ಕನ ಮಗಳು ದಿನಾ ಆ ದಾರಿಯಲ್ಲೇ ಓಡಾಡುವವಳು. ಆದರೂ ತನ್ನ ಅಪ್ಪನ ಹಳೆಯ ಆಲ್ಬಮ್ಮಿನ ಒಂದು ಫೋಟೊ ಇಟ್ಟುಕೊಂಡು ಬರೀ ಮರಳು, ಗಾಳಿಮರ ನೋಡಿ ಅದು ಅದೇ ಜಾಗ ಎಂದು ನಂಬಲು ಅವಳಿಗೆ ಹತ್ತು ನಿಮಿಷ ಹಿಡಿಯಿತು.

ಟೈಮ್‌ಗೆಸರ್‌ನ ಕೊರತೆಯೂ ಹೇಳಬೇಕು. ಫೋಟೊಗಳಲ್ಲಿ ಯುರೋಪು, ಅಮೆರಿಕದ ಸುದ್ದಿಗಳೇ ಜಾಸ್ತಿ. ಆ ಇತಿಹಾಸ ಓದಿರದ ಮಕ್ಕಳು ಬೇಗ ಬೇಸರಪಡುತ್ತಾರೆ. ಯುದ್ಧ, ಗಲಭೆಯ ಫೋಟೊಗಳೂ ಬರುತ್ತವೆ, ಸಣ್ಣವರು ಆಡುವಾಗ ಪಕ್ಕದಲ್ಲಿ ಒಬ್ಬರು ಕೂತಿರಲಿ.

ಮನೆಯಲ್ಲೇ ಮಾಡಿಕೊಳ್ಳುವ ಆಟ

ಮೇಲಿನ ಎಲ್ಲವನ್ನೂ ಆಡಿಸಿದ ಮೇಲೆ ನಮ್ಮ ಮನೆಯಲ್ಲಿ ಉಳಿದದ್ದು ಇದು. ನನ್ನ ಆಯ್ಕೆಯೂ ಇದೇ. ಬೇಕಾಗುವುದು ಫೋಟೊಗಳು, ಮತ್ತು ಅವುಗಳನ್ನು ಕಳಿಸಲು ವಾಟ್ಸ್‌ಆಪ್ ಅಥವಾ ಗೂಗಲ್ ಫಾರ್ಮ್ಸ್. ತರಗತಿಯಲ್ಲಿ ಪ್ರೊಜೆಕ್ಟರ್ ಇದ್ದರೆ ಕಹೂಟ್ ಎಂಬ ಕ್ವಿಜ್ ಆಟ ಚೆನ್ನಾಗಿರುತ್ತದೆ, ಆದರೆ ಅದು ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುತ್ತದೆ. ನಿಧಾನವಾಗಿ ನೋಡುವ ಮಗುವಿಗೆ ಅನ್ಯಾಯ ಆಗುತ್ತದೆ. ಸಮಯವನ್ನು ಉದ್ದ ಮಾಡಿ ಇಡಿ. ಗೂಗಲ್ ಫಾರ್ಮ್ಸ್‌ನಲ್ಲಿ ಆ ಅವಸರ ಇಲ್ಲ. 'ಯಾಕೆ ಹಾಗೆ ಅನ್ನಿಸಿತು' ಎಂದು ಬರೆಯಲು ಜಾಗವನ್ನೂ ಕೊಡಬಹುದು. ಕನ್ನಡದಲ್ಲೇ ಬರೆಯಬಹುದು. ಅದೇ ಅದರ ದೊಡ್ಡ ಗುಣ.

ನಮ್ಮ ನಿಯಮ ಹೀಗಿದೆ. ಒಂದು ಜಾಗಕ್ಕೆ ಮೂರು ಫೋಟೊ. ಮೊದಲು ಒಂದು ಗೇಣಿನಷ್ಟು ಭಾಗ ಮಾತ್ರ. ಆಮೇಲೆ ಒಂದು ಗೋಡೆ ಅಥವಾ ಕಂಬ. ಕೊನೆಗೆ ಇಡೀ ಕಟ್ಟಡ. ಮೊದಲನೆಯದರಲ್ಲೇ ಹೇಳಿದರೆ ಮೂರು ಅಂಕ. ತಪ್ಪು ಉತ್ತರಕ್ಕೂ ಸರಿಯಾದ ಕಾರಣ ಕೊಟ್ಟರೆ ಎರಡು ಅಂಕ. ಕಾಂಬೋಡಿಯಾ ಎಂದವಳಿಗೆ ಇಲ್ಲಿ ಎರಡು ಸಿಗುತ್ತದೆ. ತಂಜಾವೂರು ಎಂದವನಿಗೆ ಏನೂ ಇಲ್ಲ.

ಒಂದು ಗೇಣಿನ ಫೋಟೊದಲ್ಲಿ ಎಷ್ಟು ಸಿಗುತ್ತದೆ ಎಂದು ಎರಡು ಉದಾಹರಣೆ ಕೊಡುತ್ತೇನೆ.

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ಕಾವಿ ಕಲೆ ಇದೆ. ಹತ್ತಿರದಿಂದ ನೋಡಿ. ಬಣ್ಣ ಎರಡೇ, ಬಿಳಿ ಮತ್ತು ಇಟ್ಟಿಗೆ ಕೆಂಪು. ಕುಂಚದಲ್ಲಿ ಬಳಿದ ಹಾಗೆ ಕಾಣುತ್ತದೆ, ಆದರೆ ಅಂಚಿನಲ್ಲಿ ಸಣ್ಣ ತಗ್ಗು ಕಾಣುತ್ತದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದು ಹಸಿ ಇರುವಾಗಲೇ ಬೇಡದ ಕಡೆ ಕೆರೆದು ತೆಗೆಯುತ್ತಾರೆ. ಕೆಳಗಿನ ಬಿಳಿ ಹೊರಗೆ ಬಂದು ಚಿತ್ರ ಮೂಡುತ್ತದೆ. ಗೋವಾದಿಂದ ನಮ್ಮ ಕರಾವಳಿಯವರೆಗೆ ಹರಡಿರುವ ಕಲೆ ಇದು. ಈ ಗೇಣು ಗುರುತಿಸಿದ ಮಗು ತಮಿಳುನಾಡು ಎನ್ನುವುದಿಲ್ಲ. ಗೋವಾ ಎಂದರೂ ನಾನು ಅಂಕ ಕೊಡುತ್ತೇನೆ.

ಎರಡನೆಯದು ಭಟ್ಕಳ. ಅಲ್ಲಿನ ಖೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು. ಮೂಲೆಯ ಒಂದು ತುಂಡು ಮಾತ್ರ ತೋರಿಸಿ. ಕಲ್ಲಿನ ಚಪ್ಪಡಿಗಳು ಮನೆಯ ಮಾಡಿನ ಹಾಗೆ ಇಳಿಜಾರಾಗಿ ಕೂತಿವೆ. ಕೆಳಗೆ ಕಿಟಕಿಯ ಮರದ ಪಟ್ಟಿಗಳ ಹಾಗೆ ಓರೆಯಾಗಿ ನಿಲ್ಲಿಸಿದ ಕಲ್ಲಿನ ಪಟ್ಟಿಗಳು. ಮರದ ಕೆಲಸವನ್ನು ಕಲ್ಲಿನಲ್ಲಿ ಮಾಡಿದ್ದಾರೆ. ನಮ್ಮ ಕರಾವಳಿಯ ಮಳೆಗೆ ಚಪ್ಪಟೆ ಮಾಡು ನಿಲ್ಲುವುದಿಲ್ಲ, ನೀರು ಇಳಿದು ಹೋಗಲೇಬೇಕು. ಇದನ್ನು ನೋಡಿ ಒಬ್ಬ ಹುಡುಗ "ನೇಪಾಳ" ಎಂದ. 19ನೇ ಶತಮಾನದಲ್ಲಿ ಭಾರತದ ಕಟ್ಟಡಗಳ ಬಗ್ಗೆ ಬರೆದ ಜೇಮ್ಸ್ ಫರ್ಗುಸನ್ ಕೂಡ ನಮ್ಮ ಕರಾವಳಿಯ ಜೈನ ಬಸದಿಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ್ದರು. ಹುಡುಗನಿಗೆ ಎರಡು ಅಂಕ ಕೊಟ್ಟು ಇದನ್ನು ಹೇಳಿದೆ. ಅವತ್ತು ಅವನು ಮನೆಗೆ ಹೋಗುವವರೆಗೂ ಮಾಡುಗಳನ್ನೇ ನೋಡುತ್ತಿದ್ದ.

ಫೋಟೊ ಎಲ್ಲಿಂದ ತರುವುದು? ನೀವೇ ತೆಗೆದದ್ದು ಎಲ್ಲಕ್ಕಿಂತ ಒಳ್ಳೆಯದು. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸಬೇಡಿ, ಹೊರಗೋಡೆಯಲ್ಲೇ ಬೇಕಾದಷ್ಟು ಇದೆ. ದೂರದ ಸ್ಮಾರಕಗಳಿಗೆ ವಿಕಿಮೀಡಿಯಾ ಕಾಮನ್ಸ್ ಎಂಬ ಉಚಿತ ಫೋಟೊ ಭಂಡಾರ ನೋಡಿ. 2010ರಲ್ಲಿ ನೆದರ್ಲೆಂಡ್ಸಿನಲ್ಲಿ ಶುರುವಾದ 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಸ್ಪರ್ಧೆಯಿಂದಾಗಿ ಅಲ್ಲಿ ಜಗತ್ತಿನ ಸ್ಮಾರಕಗಳ ಫೋಟೊಗಳು ರಾಶಿಯಾಗಿ ಇವೆ. ಫೋಟೊದ ಕೆಳಗೆ ಜಾಗ, ತೆಗೆದ ದಿನ, ತೆಗೆದವರ ಹೆಸರು ಇರುತ್ತದೆ. ಆ ಹೆಸರನ್ನು ಉತ್ತರದ ಜೊತೆ ಹಾಕುವುದನ್ನು ಮಕ್ಕಳಿಗೆ ಕಲಿಸಿ.

ಈ ಆಟಕ್ಕೆ ನಿಮ್ಮ ಸಮಯ ಬೇಕು. ಹತ್ತು ಜಾಗದ ಒಂದು ಸುತ್ತು ಮಾಡಲು ನನಗೆ ಒಂದು ಸಂಜೆ ಹಿಡಿಯುತ್ತದೆ. ಅಷ್ಟು ಬಿಡುವು ಇಲ್ಲದವರಿಗೆ ಇದು ಆಗುವುದಿಲ್ಲ, ಅದು ತಪ್ಪೂ ಅಲ್ಲ.

ಹಾಗಾದರೆ ಯಾರಿಗೆ ಯಾವುದು?

ಹತ್ತು ವರ್ಷದ ಒಳಗಿನವರಿಗೆ ನೋಟಿನ ಆಟ, ಆಮೇಲೆ ಮನೆಯ ಫೋಟೊ ಆಟ. ಹೈಸ್ಕೂಲಿನವರು ಓಪನ್‌ಗೆಸರ್ ಅಥವಾ ಜಿಯೋಟಾಸ್ಟಿಕ್‌ನಿಂದ ಶುರು ಮಾಡಲಿ, ವಾರಕ್ಕೆ ಒಂದು ದಿನ ಟೈಮ್‌ಗೆಸರ್ ಇರಲಿ. ಪಂದ್ಯದ ಹುಚ್ಚು ಇರುವ, ಒಳ್ಳೆಯ ಇಂಟರ್‌ನೆಟ್ ಇರುವ ಕಾಲೇಜಿನವರಿಗೆ ಜಿಯೋಗೆಸರ್‌ನ ಚಂದಾ ದಂಡವಲ್ಲ. ಹಳೆಯ ಫೋಟೊ ಆಲ್ಬಮ್ ಇಟ್ಟುಕೊಂಡಿರುವ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಟೈಮ್‌ಗೆಸರ್‌ನ ನಿಯಮವನ್ನು ಆ ಆಲ್ಬಮ್ಮಿಗೇ ಹಾಕಿ. ಅವರಷ್ಟು ಅಂಕ ಬೇರೆ ಯಾರೂ ತೆಗೆಯುವುದಿಲ್ಲ.

ನೆಟ್‌ವರ್ಕ್ ಇಲ್ಲದ ಊರಾದರೆ ಫೋಟೊಗಳನ್ನು ಮೊದಲೇ ಇಳಿಸಿಕೊಂಡು ಫೋನಿನ ಗ್ಯಾಲರಿಯಲ್ಲೇ ಆಡಿಸಿ. ಜೋಯಿಡಾದ ಕಡೆ ಇರುವ ನಮ್ಮ ನೆಂಟರ ಮನೆಯಲ್ಲಿ ನಾವು ಹಾಗೇ ಮಾಡುವುದು.

ಈಗ ಫೋಟೊ ಕಳಿಸುವ ಸರದಿ ಅಕ್ಕನ ಮಗಳದ್ದು. ಮೊನ್ನೆ ಭಾನುವಾರ ಅವಳ ಗೇಣಿನ ಫೋಟೊ ಬಂತು. ತೂತುತೂತಾದ ಕೆಂಪು ಚಿರೆಕಲ್ಲು, ಸಂದಿನಲ್ಲಿ ಹಸಿರು ಪಾಚಿ, ಒಂದು ಸಣ್ಣ ಜರಿಗಿಡ. ನಾನು ಮಿರ್ಜಾನ್ ಕೋಟೆ ಎಂದು ಬರೆದೆ. ಅಘನಾಶಿನಿಯ ತೇವಕ್ಕೆ ಅಲ್ಲಿನ ಗೋಡೆ ಹೀಗೇ ಹಸಿರಾಗುತ್ತದೆ ಎಂದು ಕಾರಣವನ್ನೂ ಕೊಟ್ಟೆ. ತಪ್ಪಂತೆ, ಆದರೆ ಕಾರಣಕ್ಕೆ ಎರಡು ಅಂಕ ಕೊಟ್ಟಿದ್ದಾಳೆ. ಎರಡನೇ ಫೋಟೊ ನಾಳೆ ಕಳಿಸುತ್ತಾಳಂತೆ.